ಹಾಲಿನ ಪಂಪಿನ ಕೊಕ್ಕು

ಪಂಪಿನ ಸದ್ದು ಬದಲಾದದ್ದು ನನಗೆ ಎರಡು ದಿನ ಮೊದಲೇ ಗೊತ್ತಾಗಿತ್ತು. ಗೊತ್ತಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಯಾಕೆಂದರೆ ಇಂಥದ್ದನ್ನು ಗುರುತಿಸುವುದೇ ನನ್ನ ಹೊಟ್ಟೆಪಾಡು. ಪೀಣ್ಯದಲ್ಲಿ ಔಷಧಿ ಬಾಟಲಿಗಳಿಗೆ ರಬ್ಬರ್ ಮುಚ್ಚಳ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಒಂಬತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಲೈನಿನಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಅದರ ಬಗ್ಗೆ ಒಳಗೊಳಗೇ ನನಗೆ ಹೆಮ್ಮೆಯೂ ಇತ್ತು.

ಮಗಳು ಏಳು ತಿಂಗಳಿಗೇ ಹುಟ್ಟಿಬಿಟ್ಟಳು. ತೂಕ ಒಂದು ಕಿಲೋ ಇನ್ನೂರು ಗ್ರಾಂ. ಐದನೇ ದಿನ ನನ್ನನ್ನು ಮನೆಗೆ ಕಳಿಸಿದರು, ಅವಳನ್ನು ಕಳಿಸಲಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ಸಣ್ಣ ಕೊಳವೆ ಹಾಕಿಸಿಕೊಂಡು ಮಲಗಿದ್ದಳು. ಚೀಪಿ ಕುಡಿಯುವ ಶಕ್ತಿ ಅವಳಿಗಿರಲಿಲ್ಲ. ಮೂರು ಗಂಟೆಗೊಮ್ಮೆ ಆ ಕೊಳವೆಯ ತುದಿಗೆ ಸಿರಿಂಜ್ ಸಿಕ್ಕಿಸಿ, ಮೂರು ಚಮಚದಷ್ಟು ನನ್ನ ಹಾಲು ಸುರಿದು, ಅದು ತಾನಾಗಿ ಇಳಿಯಲು ಬಿಡುತ್ತಿದ್ದರು.

"ನಿಮ್ಮ ಹಾಲನ್ನೇ ಔಷಧಿ ಅಂದ್ಕೊಳ್ಳಿ" ಎಂದಿದ್ದರು ಡಾಕ್ಟರ್ ಮೇಡಂ. "ಇವಳ ಕರುಳು ಇನ್ನೂ ಬಲಿತಿಲ್ಲ. ಪುಡಿ ಹಾಲು ಕೊಡೋ ಪರಿಸ್ಥಿತಿ ಬರದೇ ಇದ್ರೆ ಒಳ್ಳೇದು. ಹೊಟ್ಟೆ ಉಬ್ಬೋಕೆ ಶುರುವಾದ್ರೆ ನಮ್ಮ ಕೈಲೂ ಜಾಸ್ತಿ ಏನೂ ಇರಲ್ಲ."

ಅವರು ಹೆದರಿಸಲೆಂದು ಹೇಳಿದ್ದಲ್ಲ. ಪಕ್ಕದ ಪೆಟ್ಟಿಗೆಯಲ್ಲಿದ್ದ ಗಂಡುಮಗುವಿನ ಹೊಟ್ಟೆ ಒಂದು ಮಧ್ಯಾಹ್ನ ಬಿಗಿದುಕೊಂಡು ನೀಲಿ ತಿರುಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಮಾರನೇ ದಿನ ಹೋದಾಗ ಪೆಟ್ಟಿಗೆ ಖಾಲಿಯಿತ್ತು. ಆಯಾ ಒಬ್ಬರು ಅದರ ಒಳಗೆ ಕೈ ಹಾಕಿ ಒರೆಸುತ್ತಿದ್ದರು. ಅವತ್ತಿನಿಂದ ನಾನು ಮಗಳ ಹೊಟ್ಟೆ ನೋಡಿದಷ್ಟು ಅವಳ ಮುಖ ನೋಡಿಲ್ಲ.

ಹಾಗಾಗಿ ಮನೆಯಲ್ಲಿ ನನಗಿದ್ದ ಕೆಲಸ ಒಂದೇ, ಹಗಲೂ ರಾತ್ರಿ ಮೂರು ಗಂಟೆಗೊಮ್ಮೆ ಪಂಪು ಹಚ್ಚಿಕೊಂಡು ಕೂರುವುದು. ಪಂಪು ಅಂದರೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಮೋಟರು, ಅದರಿಂದ ಹೊರಟ ಕೊಳವೆ, ಎದೆಗೆ ಹಿಡಿಯುವ ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಆಲಿಕೆಗೂ ಬಾಟಲಿಗೂ ನಡುವೆ ಹೆಬ್ಬೆರಳಿನ ತುದಿಯಷ್ಟೇ ಇರುವ, ಮೆತ್ತಗಿನ ಬಿಳಿ ಸಿಲಿಕೋನಿನ ವಾಲ್ವ್. ಅದರ ತುದಿಯಲ್ಲಿ ಒಂದು ಸೀಳು. ಮೋಟರು ಎಳೆದಾಗ ಸೀಳು ಮುಚ್ಚಿಕೊಳ್ಳಬೇಕು, ಬಿಟ್ಟಾಗ ತೆರೆದು ಹಾಲು ಬಾಟಲಿಗೆ ಬೀಳಬೇಕು. ಬಾತುಕೋಳಿಯ ಕೊಕ್ಕಿನ ಹಾಗಿದೆ ಅಂತ ನಮ್ಮತ್ತೆ ಮೊದಲ ದಿನವೇ ಅದಕ್ಕೆ ಕೊಕ್ಕು ಎಂದು ಹೆಸರಿಟ್ಟರು. ಇಡೀ ಪಂಪಿನಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಅದೇ. ಇಷ್ಟು ಬಳಸುವವರು ತಿಂಗಳಿಗೊಮ್ಮೆ ಬದಲಿಸಬೇಕು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿತ್ತು. ಡಬ್ಬಿಯಲ್ಲಿ ಹೊಸ ಜೋಡಿಯೊಂದನ್ನು ಇಟ್ಟೂ ಇದ್ದರು.

ಆ ಹೊಸ ಜೋಡಿಯನ್ನು ನಾನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಎತ್ತಿಟ್ಟೆ. ಮುಂದೆ ಡ್ಯೂಟಿಗೆ ಹೋಗುವಾಗ ಬೇಕಾಗುತ್ತದಲ್ಲ, ಅಲ್ಲಿಯವರೆಗೆ ಇದೇ ಓಡಲಿ ಅಂತ. ಹೊಸ ಟವೆಲ್ಲು, ಹೊಸ ಲೋಟ, ಹೊಸ ಹೊದಿಕೆ, ಯಾವುದನ್ನೂ ತಂದ ದಿನ ಬಳಸದೆ ಎತ್ತಿಡುವ ಮನೆಯಲ್ಲಿ ಬೆಳೆದವಳು ನಾನು. ಇದೇ ಮಾತನ್ನು ಕಾರ್ಖಾನೆಯಲ್ಲಿ ಮೆಂಟೇನೆನ್ಸ್‌ನವರು ಆಡಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ತಿಂಗಳು ತುಂಬಿತು. ಕೊಕ್ಕು ಓಡುತ್ತಲೇ ಇತ್ತು, ನಾನೂ ಓಡಿಸುತ್ತಲೇ ಇದ್ದೆ.

ಪಂಪಿನ ಭಾಗಗಳನ್ನು ತೊಳೆಯುವ ಕೆಲಸವನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡಿದ್ದರು. ದಾಸರಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲೇ ಹುಟ್ಟಿ, ಎರಡು ಬೀದಿ ಆಚೆಯ ಮನೆಗೆ ಸೊಸೆಯಾಗಿ ಬಂದವರು ಅವರು. "ಬಾಣಂತಿ ನೀನು, ತಣ್ಣೀರು ಮುಟ್ಬ್ಯಾಡ ಕಣಮ್ಮಿ. ನಾನ್ ತೊಳ್ದಿಕ್ತೀನಿ" ಎಂದು ನನ್ನನ್ನು ಎಬ್ಬಿಸಿ ಕಳಿಸುತ್ತಿದ್ದರು. ತೊಳೆದು, ಇಡ್ಲಿ ಪಾತ್ರೆಗೆ ಹಾಕಿ ಕುದಿಸುತ್ತಿದ್ದರು. ಐದು ನಿಮಿಷ ಸಾಕು ಎಂದು ನಾನು ಬಾಯಿ ಬಡಿದುಕೊಂಡರೂ ಅರ್ಧ ಗಂಟೆಗೆ ಕಮ್ಮಿ ಇಲ್ಲ. "ಚೆನ್ನಾಗಿ ಬೇಯ್ಲಿ ಬುಡು, ಸಣ್ಣ ಮಗ" ಅನ್ನುವರು. ಬೆಂದು ಬೆಂದು ಕೊಕ್ಕು ಹಳದಿ ತಿರುಗಿತ್ತು.

ನನ್ನ ಗಂಡ ಜಾಲಹಳ್ಳಿ ಕಡೆ ಬೆಳಗಿನ ಪಾಳಿಗೆ ಹೋಗುವ ಮುಂಚೆ ಆ ದಿನದ ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು ಬೈಕಿನಲ್ಲಿ ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿ, ಗಂಟಿನೊಳಗೆ ಒಂದು ಇದ್ದಿಲು ಚೂರು ಸೇರಿಸದೆ ಅತ್ತೆ ಅವರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಎದೆಹಾಲು ಬೀದಿಯಲ್ಲಿ ಹೋಗುವಾಗ ಯಾರ ಕಣ್ಣೂ ಬೀಳಬಾರದಂತೆ. ಇದ್ದಿಲಿನಲ್ಲಿ ಎಷ್ಟು ಕೊಳೆ ಇರುತ್ತೆ ಗೊತ್ತಾ ಎಂದು ನಾನು ಮೂಗು ಮುರಿದರೆ, "ನಿನ್ ಕಾರ್ಖಾನೇನ ಮನೇಗ್ ತರ್ಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅತ್ತೆಗೆ ಏನೂ ಗೊತ್ತಾಗುವುದಿಲ್ಲ ಎಂದು ನಾನು ಆಗ ದಿನಕ್ಕೆ ಹತ್ತು ಸಲವಾದರೂ ಅಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕೊಕ್ಕಿನ ಸೀಳಿನಲ್ಲಿ ಹಾಲಿನ ಕೆನೆ ಒಣಗಿ ಅಂಟಿಕೊಂಡಿತ್ತು. ಅತ್ತೆ ಮಲಗಿದ್ದರು. ನಾನು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಬಿಸಿನೀರಲ್ಲಿ ಅದ್ದಿ, ಅದರ ತುದಿಯಿಂದ ಕೆರೆದೆ. ಮುಳ್ಳು ತೆಗೆಯಲು, ದಾರ ಪೋಣಿಸಲು, ಎಲ್ಲದಕ್ಕೂ ಬರುವ ಪಿನ್ನು ಅದು. ಕೆನೆ ಬಂತು. ಮುಂದಿನ ಸಲ ಪಂಪು ಹಚ್ಚಿದಾಗ ಯಾವಾಗಲೂ ಟಕ್ ಟಕ್ ಎಂದು ಗಟ್ಟಿಯಾಗಿ ಬಡಿಯುತ್ತಿದ್ದ ಸದ್ದು ಫುಸ್ ಫುಸ್ ಎನ್ನತೊಡಗಿತು. ಬಾಟಲಿಯಲ್ಲಿ ಹಾಲು ಕಾಲು ಭಾಗ ಕಮ್ಮಿ ಬಂತು. ನಾನು ಎಳೆತವನ್ನು ಎರಡು ಹಂತ ಏರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು, ಆದರೆ ಹಾಲು ಬಂತು. ಅಷ್ಟು ಸಾಕಾಗಿತ್ತು ನನಗೆ.

ಎರಡು ದಿನ ಹೀಗೇ ನಡೆಯಿತು. ಸದ್ದು ಒಂದೊಂದು ಸಲಕ್ಕೂ ಸಡಿಲವಾಗುತ್ತಿತ್ತು. ಬಾಣಂತಿಯ ಸುಸ್ತಿಗೆ ಕಿವಿಗೆ ಹಾಗೆ ಕೇಳಿಸುತ್ತದೆ ಎಂದುಕೊಂಡು ಪಂಪು ಓಡಿಸುತ್ತಲೇ ಹೋದೆ.

ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ, ಅತ್ತೆ ಕುದಿಸಿದ ಭಾಗಗಳನ್ನು ಕಿಟಕಿಯ ಹತ್ತಿರ ಬಿಳಿ ಬಟ್ಟೆಯ ಮೇಲೆ ಹರಡಿದ್ದರು. ಬಿಸಿಲು ಬಿದ್ದಿತ್ತು. ಕೊಕ್ಕನ್ನು ಕೈಗೆತ್ತಿಕೊಂಡು, ಕೆಲಸದಲ್ಲಿ ಮುಚ್ಚಳಗಳನ್ನು ನೋಡುವ ಅಭ್ಯಾಸದಂತೆ ಎರಡು ಬೆರಳಲ್ಲಿ ಒತ್ತಿ ಬೆಳಕಿಗೆ ಹಿಡಿದೆ. ಸೀಳು ಬಾಯಿ ಬಿಟ್ಟಿತು. ಅದರ ಒಂದು ತುಟಿಯ ಮೂಲೆ ಇರಲಿಲ್ಲ.

ಅರ್ಧ ಎಳ್ಳಿನಷ್ಟು. ಅಷ್ಟೇ. ಸವೆಯುವುದು ಬೇರೆ, ಹರಿದು ಬೀಳುವುದು ಬೇರೆ. ಹರಿದು ಬಿದ್ದದ್ದು ಎಲ್ಲೋ ಇದ್ದೇ ಇರಬೇಕು.

ನಮ್ಮ ಕಾರ್ಖಾನೆಯಲ್ಲಿ ಮುಚ್ಚಳದ ಅಂಚು ಕೊಯ್ಯುವ ಬ್ಲೇಡು ಮುರಿದರೆ ಲೈನು ನಿಲ್ಲುತ್ತದೆ. ಮುರಿದ ಚೂರುಗಳನ್ನು ಬಿಳಿ ಹಾಳೆಯ ಮೇಲೆ ಜೋಡಿಸಿ, ಬ್ಲೇಡು ಪೂರ್ತಿ ಆಗುವವರೆಗೆ ಒಬ್ಬರೂ ಎದ್ದು ಹೋಗುವಂತಿಲ್ಲ. ಒಂದು ಚೂರು ಕಾಣದಿದ್ದರೂ ಅಷ್ಟು ಮಾಲೂ ಕಸ. ಆದರೆ ಹುಡುಕಲು ಕೂರುವ ಮೊದಲು ಮಾಡಬೇಕಾದದ್ದು ಇನ್ನೊಂದಿದೆ. ಆಗಲೇ ಮಾಲು ಯಾರ ಕೈ ಸೇರಿದೆಯೋ ಅವರಿಗೆ ಫೋನ್ ಮಾಡಿ, ಬಳಸಬೇಡಿ ಎಂದು ಹೇಳಬೇಕು. ಆ ಫೋನ್ ಮಾಡುವವಳು ನಾನೇ. ಎಷ್ಟೋ ಸಲ ಮಾಡಿದ್ದೇನೆ. ಎದುರಿಗಿದ್ದ ಮ್ಯಾನೇಜರ್ ಹಲ್ಲು ಕಡಿಯುತ್ತಿದ್ದರೂ ಒಂದು ಕ್ಷಣ ತಡ ಮಾಡಿದವಳಲ್ಲ.

ಆ ಎರಡು ದಿನದ ಹಾಲಿನಲ್ಲಿ ಆರು ಬಾಟಲಿ ಮನೆಯಲ್ಲಿದ್ದವು, ಅವುಗಳಲ್ಲಿ ನಾಲ್ಕು ಹೆಪ್ಪುಗಟ್ಟಿದ್ದವು. ನಾಲ್ಕು ಬಾಟಲಿ ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದವು, ಹಿಂದಿನ ದಿನ ಕಳಿಸಿದ್ದು ಮುಗಿದೇ ಹೋಗಿತ್ತು. ಎಂಟು ಗಂಟೆಯ ಹಾಲು ಮಗುವಿನ ಹೊಟ್ಟೆ ಸೇರಿ ಆಗಿತ್ತು. ಮುಂದಿನದು ಹನ್ನೊಂದಕ್ಕೆ.

ಫೋನು ಕೈಗೆತ್ತಿಕೊಂಡೆ. ಮಾಡಲಿಲ್ಲ. ಹೇಳಿದರೆ ಹಾಲನ್ನೆಲ್ಲ ಚೆಲ್ಲುತ್ತಾರೆ, ಪುಡಿ ಹಾಲು ಶುರು ಮಾಡುತ್ತಾರೆ, ಆಮೇಲೆ ಹೊಟ್ಟೆ ಉಬ್ಬುತ್ತದೆ, ಆಮೇಲೆ ಪೆಟ್ಟಿಗೆ ಒರೆಸುತ್ತಾರೆ. ಇದು ನನಗೆ ನಾನೇ ಕೊಟ್ಟುಕೊಂಡ ಕಾರಣ. ಆ ಭಯ ಸುಳ್ಳೇನೂ ಅಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಊರವರ ತಪ್ಪೆಲ್ಲ ಎತ್ತಿ ತೋರಿಸುವವಳು ತನ್ನ ಮಗುವಿನ ಹಾಲಿನಲ್ಲೇ ತಪ್ಪು ಮಾಡಿದಳು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಚೂರು ಮನೆಯಲ್ಲೇ ಸಿಕ್ಕಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಸಿಗುತ್ತದೆ, ಇಲ್ಲೇ ಇರುತ್ತದೆ ಎಂದುಕೊಂಡು ಹುಡುಕಲು ಕೂತೆ.

ಇಡ್ಲಿ ಪಾತ್ರೆಯ ನೀರು ಸೋಸಿದೆ. ಸಿಂಕಿನ ಜಾಲರಿ ಎತ್ತಿ ನೋಡಿದೆ. ಮಾವನ ಹಳೆಯ ತೆಳ್ಳನೆಯ ಮಲ್ಲು ಪಂಚೆಯಿಂದ ಒಂದು ತುಂಡು ಹರಿದು ಅತ್ತೆಯ ಕೈಗೆ ಕೊಟ್ಟು, ಪಾತ್ರೆಯ ಬಾಯಿಗೆ ಬಿಗಿಯಾಗಿ ಹಿಡಿದುಕೊಳ್ಳಿ ಎಂದೆ.

"ಏನ್ ಹುಡುಕ್ತಿದ್ದೀಯ ಅಮ್ಮಿ?"

ಹೇಳಿದೆ. ಪಿನ್ನಿನ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದೆ. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಂಗಾದ್ರೆ ಮೊದ್ಲು ಆಸ್ಪತ್ರೆಗೆ ಒಂದ್ ಮಾತು ಏಳ್ಬುಡು. ಆಮ್ಯಾಕೆ ಹುಡುಕಾನ."

"ಅತ್ತೆ, ನಿಮಗೆ ಇದೆಲ್ಲ ಗೊತ್ತಾಗಲ್ಲ. ಸುಮ್ನೆ ಬಟ್ಟೆ ಹಿಡ್ಕೊಳ್ಳಿ."

ಮೊದಲ ಎರಡು ಬಾಟಲಿಯಲ್ಲಿ ಕೆನೆ ಬಿಟ್ಟರೆ ಏನೂ ಇರಲಿಲ್ಲ. ಉಳಿದವನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕಿತ್ತು. ಅವು ಕರಗುವುದೇ ಇಲ್ಲ ಅನ್ನಿಸಿತು. ಕೈಯಲ್ಲಿ ಉಜ್ಜಿದೆ, ಅಲುಗಾಡಿಸಿದೆ. ನಾಲ್ಕನೆಯದು ಸೋಸಿದಾಗ ಹತ್ತೂವರೆ ದಾಟಿತ್ತು. ಪ್ರತಿ ಸಲವೂ ಬಟ್ಟೆಯ ಮೇಲೆ ಏನೋ ಬಿಳಿ ಕಂಡು ಜೀವ ಬಂದಂತಾಗಿ, ಬೆರಳಲ್ಲಿ ಒತ್ತಿದರೆ ಕೆನೆಯಾಗಿ ಕರಗುತ್ತಿತ್ತು.

"ಅನ್ನೊಂದ್ ಗಂಟೆಗೆ ಮಗೀಗೆ ಆಲು ಬುಡ್ತಾರಲ್ವೇನಮ್ಮಿ?" ಎಂದರು ಅತ್ತೆ, ಗೋಡೆ ಗಡಿಯಾರ ನೋಡುತ್ತ.

"ಇನ್ನೆರಡು ಇದೆ, ನೋಡಿಬಿಡೋಣ ಇರಿ ಅಂದ್ರೆ!" ಎಂದು ಕಿರುಚಿದೆ. ಅವರ ಮೇಲೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಅವರು ಪಂಚೆಯ ತುಂಡನ್ನು ಮತ್ತೆ ಪಾತ್ರೆಯ ಬಾಯಿಗೆ ಬಿಗಿದು ಹಿಡಿದರು.

ಹನ್ನೊಂದು ಹೊಡೆಯಿತು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೇ ಕೊನೆಯ ಬಾಟಲಿ ಸುರಿದೆ. ಅದರಲ್ಲೂ ಇರಲಿಲ್ಲ. ಹನ್ನೊಂದೂ ಕಾಲಿಗೆ ವಾರ್ಡಿಗೆ ಫೋನ್ ಮಾಡಿದೆ.

"ಸಿಸ್ಟರ್, ಹನ್ನೊಂದು ಗಂಟೆ ಹಾಲು ಕೊಡ್ಬೇಡಿ."

"ಕೊಟ್ಟಾಯ್ತಲ್ಲ ಮೇಡಂ, ಈಗ ತಾನೇ."

ಆಟೋದಲ್ಲಿ ಅತ್ತೆಯೂ ಬಂದರು. ಬಾಣಂತಿ ಹೊರಗೆ ಹೊರಡಬಾರದು ಎಂದು ಅವರು ಹೇಳಲಿಲ್ಲ. ನನ್ನ ತಲೆಗೆ ಸ್ಕಾರ್ಫು ಕಟ್ಟಿ, ಕಿವಿಗೆ ಹತ್ತಿ ಇಟ್ಟು ಪಕ್ಕದಲ್ಲಿ ಕೂತರು. ತುಮಕೂರು ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಹರಿದ ಕೊಕ್ಕು ನನ್ನ ಮುಷ್ಟಿಯಲ್ಲಿತ್ತು. ಬೀರುವಿನಲ್ಲಿ ಸೀರೆಗಳ ಕೆಳಗಿದ್ದ ಹೊಸ ಜೋಡಿ ನೆನಪಾಗಿ, ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಸಿಸ್ಟರ್ ಕೊಕ್ಕನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಒಳ್ಳೆಯ ಹೆಂಗಸು, ನನ್ನ ಮಗಳನ್ನು ಪುಟಾಣಿ ಎಂದು ಕರೆಯುತ್ತಿದ್ದವರು.

"ಎಂಟು ಗಂಟೇದು ಸರಾಗವಾಗಿ ಇಳೀತು. ಹನ್ನೊಂದರದ್ದು ಮಾತ್ರ ಸಿರಿಂಜಲ್ಲೇ ನಿಂತ್ಬಿಡ್ತು ಮೇಡಂ. ಹಾಲು ಗಟ್ಟಿ ಇರ್ಬೇಕು ಅಂತ ಮೇಲಿಂದ ಒಂಚೂರು ಒತ್ತಿದೆ. ಹೋಯ್ತು."

ಒಂಬತ್ತೂವರೆಗೆ ಫೋನ್ ಮಾಡಿದ್ದರೆ ಹನ್ನೊಂದರ ಹಾಲು ಸಿರಿಂಜಿಗೇ ಬರುತ್ತಿರಲಿಲ್ಲ. ಇದನ್ನು ಲೆಕ್ಕ ಹಾಕಲು ಯಾವ ಇನ್‌ಸ್ಪೆಕ್ಟರೂ ಬೇಕಾಗಿರಲಿಲ್ಲ.

ಡಾಕ್ಟರ್ ಮೇಡಂ ಬಂದರು. ಹೊಟ್ಟೆ ಮುಟ್ಟಿ ನೋಡಿದರು, ಕಿವಿಗೆ ಸ್ಟೆತಸ್ಕೋಪ್ ಇಟ್ಟುಕೊಂಡು ಕೇಳಿದರು. ಸಿಲಿಕೋನ್ ಎಕ್ಸ್‌ರೇಯಲ್ಲಿ ಕಾಣುವುದು ಕಷ್ಟ, ಒಳಗಿದೆಯೋ ಇಲ್ಲವೋ ಹೇಳಲಾಗುವುದಿಲ್ಲ, ಹಾಲು ನಿಲ್ಲಿಸಿ ಬರೀ ಡ್ರಿಪ್ ಕೊಟ್ಟು ಕಾಯಬೇಕು ಎಂದರು. ಆಮೇಲೆ ಕೇಸ್ ಶೀಟು ತೆಗೆದು, ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

"ಇದು ಹರಿದಿರೋದನ್ನ ನೀವು ನೋಡಿದ್ದು ಎಷ್ಟು ಹೊತ್ತಿಗೆ?"

ಅತ್ತೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು. ಬಾಗಿಲು ತೆರೆದಿತ್ತು.

"ಹನ್ನೊಂದೂ ಕಾಲಿಗೆ, ಮೇಡಂ. ನೋಡಿದ ತಕ್ಷಣ ಫೋನ್ ಮಾಡ್ದೆ."

ಅವರು ಬರೆದುಕೊಂಡರು.

ಮನೆಗೆ ಬಂದು ಹೊಸ ಕೊಕ್ಕು ಹಾಕಿದೆ. ಟಕ್ ಟಕ್ ಎಂದು ಗಟ್ಟಿ ಸದ್ದು ಬಂತು, ಎಳೆತ ಇಳಿಸಿದರೂ ಹಾಲು ಧಾರೆಯಾಗಿ ಬಿತ್ತು. ಕುಡಿಯುವವಳು ಇರಲಿಲ್ಲ. ನಾನು ಬಾಟಲಿ ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ಸೋಸಿಟ್ಟಿದ್ದ ಹಳೆಯ ಹಾಲನ್ನು ತುಳಿಯುವ ಜಾಗಕ್ಕೆ ಹಾಕಬಾರದೆಂದು ನಮ್ಮತ್ತೆ ಮಹಡಿಯ ದಾಸವಾಳದ ಕುಂಡಕ್ಕೆ ಸುರಿದು ಬಂದರು. ಸಂಜೆ ಬಂದ ಗಂಡನಿಗೆ ನಾನು ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದೆ. ಅತ್ತೆ ಅಲ್ಲೇ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

ಆರು ಗಂಟೆಗೊಮ್ಮೆ ಸಿಸ್ಟರ್ ಮಗಳ ಹೊಕ್ಕುಳ ಮೇಲೆ ಟೇಪು ಸುತ್ತಿ ಅಳೆಯುತ್ತಿದ್ದರು. ಎರಡನೇ ದಿನ ಮಧ್ಯಾಹ್ನ ಅರ್ಧ ಸೆಂಟಿಮೀಟರ್ ಜಾಸ್ತಿ ಬಂತು. ಸಂಜೆಗೆ ಇನ್ನೂ ಸ್ವಲ್ಪ. ಚರ್ಮ ಹೊಳೆಯುತ್ತಿತ್ತು. ಡಾಕ್ಟರ್ ಮೇಡಂ ಯಾರಿಗೋ ಫೋನ್ ಮಾಡಿ, ಬೇಕಾದರೆ ಆಪರೇಷನ್ನಿಗೆ ಸಿದ್ಧವಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ನಾನು ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಈಗಲಾದರೂ ಹೇಳಿಬಿಡಲೇ ಎಂದು ಅನ್ನಿಸಿತು. ಹೇಳಿದರೆ ಅವಳ ಹೊಟ್ಟೆ ಇಳಿಯುತ್ತದೆಯೇ ಎಂದು ಮತ್ತೆ ನನಗೆ ನಾನೇ ಕಾರಣ ಕೊಟ್ಟುಕೊಂಡೆ.

ಮೂರನೇ ದಿನ ಬೆಳಿಗ್ಗೆ ಟೇಪು ಕಮ್ಮಿ ತೋರಿಸಿತು. ಮಗು ಮಲ ಮಾಡಿತು. ಸಿಸ್ಟರ್ ಕೈಗವಸು ಹಾಕಿಕೊಂಡು ಅದನ್ನು ಜಾಲಾಡಿದರು. ಆಮೇಲಿನ ದಿನಗಳಲ್ಲೂ ಜಾಲಾಡಿದರು. ಚೂರು ಸಿಗಲಿಲ್ಲ. ಅವಳೊಳಗೆ ಹೋಗಿತ್ತೋ, ಹೋಗಿ ಹೊರಗೆ ಬಂದಿತ್ತೋ, ಸಿಂಕಿನಲ್ಲಿ ಎಂದೋ ಕೊಚ್ಚಿಹೋಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಈಗಲೂ ಮಗಳು ಹೊಟ್ಟೆ ನೋವು ಅಂದರೆ ಮೊದಲು ಅವಳ ಅಂಗಿ ಎತ್ತಿ ಹೊಟ್ಟೆ ಮುಟ್ಟಿ ನೋಡುತ್ತೇನೆ.

ಎರಡು ಕಿಲೋ ದಾಟಿದ ಮೇಲೆ ಮನೆಗೆ ಕಳಿಸಿದರು. ಹೊರಡುವ ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾಲ್ಕೈದು ಹೊಸ ತಾಯಂದಿರು ಕೂತಿದ್ದರು, ಎಲ್ಲರ ಮಡಿಲಲ್ಲೂ ಪಂಪಿನ ಚೀಲ. ಡಾಕ್ಟರ್ ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟು ಅವರಿಗೆ ಹೇಳಿದರು. "ಪಂಪಿನಲ್ಲಿ ಏನಾದ್ರೂ ತೊಂದರೆ ಕಂಡ್ರೆ ಮುಚ್ಚಿಡಬೇಡಿ. ಇವರನ್ನ ನೋಡಿ ಕಲೀರಿ. ಗೊತ್ತಾದ ತಕ್ಷಣ ಫೋನ್ ಮಾಡಿದ್ರು. ಅದಕ್ಕೇ ನಾವು ಬೇಗ ಎಚ್ಚೆತ್ತುಕೊಂಡ್ವಿ."

ಅವರು ಒಳಗೆ ಹೋದ ಮೇಲೆ, ಬೆಂಚಿನ ತುದಿಯಲ್ಲಿದ್ದ ಸಣ್ಣ ವಯಸ್ಸಿನ ತಾಯಿ ನನ್ನನ್ನೇ ನೋಡುತ್ತ ಕೇಳಿದಳು. "ನಂಗಾಗಿದ್ರೆ ಹೇಳೋಕೇ ಭಯ ಆಗ್ತಿತ್ತು ಅಕ್ಕ. ನಿಮಗೆ ಅಷ್ಟು ಬೇಗ ಧೈರ್ಯ ಹೆಂಗೆ ಬಂತು?"

ಅತ್ತೆ ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಲಾವಿಯ ದಾರ ಕಟ್ಟುತ್ತಿದ್ದರು. ಅವರ ಕೈ ನಿಂತಿತು. ನನ್ನ ಕಡೆ ನೋಡಿದರು. ಅವರೂ ಉತ್ತರಕ್ಕೆ ಕಾಯುತ್ತಿದ್ದರು.

"ತಿಂಗಳಿಗೊಂದ್ಸಲ ವಾಲ್ವ್ ಬದಲಾಯಿಸ್ತಾ ಇರಿ" ಎಂದೆ ನಾನು.

ಅತ್ತೆ ಗಂಟು ಹಾಕಿ ಮುಗಿಸಿ ಎದ್ದರು. ನಾನು ಕೈ ಚಾಚಿದೆ. ಮಗುವನ್ನು ನನ್ನ ಕೈಗೆ ಕೊಡದೆ, ತಾವೇ ಎದೆಗವಚಿಕೊಂಡು ಮೆಟ್ಟಿಲ ಕಡೆ ನಡೆದರು.